ಏಳು ಮುಟ್ಟಿದವರ ಬಾಗಿಲು

ಕ್ಲೀವ್‌ಲ್ಯಾಂಡ್ ಎಂಬ ಅಮೆರಿಕದ ನಗರದ ಒಂದು ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಗಾಜಿನ ಬಾಗಿಲಿಗೆ ಹಿಡಿಕೆಯೇ ಇರಲಿಲ್ಲ. ಬಂದವರು ಅದರ ಮುಂದೆ ನಿಂತು ಕೈ ಚಾಚಬೇಕು. ಊರಿನವರೆಲ್ಲ ಮಣಿಕಟ್ಟಿಗೆ ತೊಟ್ಟಿರುವ ಬಳೆಯ ಮೇಲೆ ಒಂದು ಅಂಕಿ ಮೂಡುತ್ತದೆ. ಏಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಾಗಿಲು ಸರಿಯುತ್ತದೆ. ಆರಿದ್ದರೆ ಹೆಣ್ಣುದನಿಯೊಂದು ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬಹಳ ಅಕ್ಕರೆಯಿಂದ ಹೇಳುತ್ತದೆ. ಅಂಥ ಅಕ್ಕರೆಯ ದನಿಯನ್ನು ಹುಡುಕಲು ವಿಮಾ ಕಂಪನಿ ಸಾಕಷ್ಟು ಶ್ರಮಪಟ್ಟಿತ್ತಂತೆ.

ಬಳೆಯ ಹೆಸರು ವೇದನಾಮಾಪಕ. ದೇಹಕ್ಕೆ ಪೆಟ್ಟಾದಾಗ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮೆದುಳಿನಲ್ಲಿ ಗಲಿಬಿಲಿ ಏಳುತ್ತದೆ. ಆ ಗಲಿಬಿಲಿಯನ್ನು ನಾಡಿಯ ಬಡಿತದಿಂದಲೂ ಚರ್ಮದ ಸೂಕ್ಷ್ಮ ವಿದ್ಯುತ್ತಿನಿಂದಲೂ ಗ್ರಹಿಸಿ ಬಳೆ ಅದನ್ನು ಸೊನ್ನೆಯಿಂದ ಹತ್ತರೊಳಗಿನ ವೇದನಾಂಕವಾಗಿ ತೋರಿಸುತ್ತದೆ. ಇದನ್ನು ಕಂಡುಹಿಡಿದವಳು ಡಾಕ್ಟರ್ ವಾರಿಜಾ ಸೋಸಲೆ. ಅವಳ ಅಕ್ಕ ಹೊಟ್ಟೆನೋವೆಂದು ಒದ್ದಾಡುತ್ತಿದ್ದಾಗ ವೈದ್ಯರು ಅದೆಲ್ಲ ಮನಸ್ಸಿನ ಭ್ರಮೆ ಎಂದು ವಾಪಸು ಕಳಿಸಿದ್ದರು. ಒಳಗಿನ ಗಡ್ಡೆ ಒಡೆದ ಮೇಲೆ ನಂಬಿದರು, ಆದರೆ ಅಷ್ಟರಲ್ಲಿ ಅಕ್ಕ ಉಳಿದಿರಲಿಲ್ಲ. ನೋವೆಂದು ಅಳುವ ಯಾರನ್ನೂ ಇನ್ನು ಮುಂದೆ ಸುಳ್ಳರೆನ್ನಬಾರದು ಎಂಬುದೊಂದೇ ವಾರಿಜಾಳ ಹಟವಾಗಿತ್ತು.

ಆದರೆ ಆ ದೇಶದಲ್ಲಿ ಚಿಕಿತ್ಸೆ ಅಂಗಡಿಯ ಸರಕು. ಕೆಲಸವಿದ್ದವರಿಗೆ ವಿಮೆ. ವಿಮೆ ಇದ್ದರೂ ಯಾವ ಕಾಯಿಲೆಗೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವುದು ಕಂಪನಿ. ಕಂಪನಿಗೆ ಈ ಬಳೆ ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ನೋವೇ ಇಲ್ಲದವರಿಗೆ ತುರ್ತೇನು ಎಂದು ಕೇಳಿತು. ಬಂದವರನ್ನೆಲ್ಲ ನೋಡಲೇಬೇಕೆಂಬ ಹಳೆಯ ಕಾನೂನನ್ನೂ ತಿದ್ದಿಸಿತು. ಜನ ನೋವಿನ ಮಾತ್ರೆ ನುಂಗುವುದನ್ನು ಬಿಟ್ಟರು. ಅಂಕಿ ಏರಲೆಂದು ಬೂಟಿನೊಳಗೆ ಕಲ್ಲು ಹಾಕಿಕೊಂಡು ನಡೆದವರೂ ಇದ್ದರು. ವಾರಿಜಾ ಕಂಪನಿಗೆ ಹೋಗಿ, ಬಳೆ ಇರುವುದು ವೈದ್ಯರಿಗಾಗಿ, ಎಲ್ಲರ ಹಣವನ್ನೂ ಒಂದೆಡೆ ಸೇರಿಸಿ ಎಲ್ಲರಿಗೂ ಬಾಗಿಲು ತೆರೆದಿಡಿ ಎಂದು ವಾದಿಸಿದಳು. ಹಾಗಾದರೆ ನಾವು ಮಾರುವುದೇನನ್ನು ಎಂದು ಅಲ್ಲಿನ ಅಧಿಕಾರಿ ನಕ್ಕ.

ಅದೇ ಊರಿನ ದೋಸೆ ಹೋಟೆಲಿನಲ್ಲಿ ತಿಪ್ಪೇಸ್ವಾಮಿ ಬಾಣಸಿಗ. ಚಿತ್ರದುರ್ಗದವನು. ಕಾದ ಹಂಚಿನಿಂದ ದೋಸೆಯನ್ನು ಬರಿಗೈಯಲ್ಲಿ ಎತ್ತುತ್ತಿದ್ದ, ಗಿರಾಕಿಗಳು ಬೆರಗಾಗಿ ನೋಡುತ್ತಿದ್ದರು. ಅವನ ಹೆಂಡತಿ ರುದ್ರಾಂಬ ಒಳಗೆ ಹಿಟ್ಟು ರುಬ್ಬುತ್ತಿದ್ದಳು. ಭಾನುವಾರ ದೋಸೆ ತಿನ್ನಲು ಬರುತ್ತಿದ್ದ ವಾರಿಜಾಳಿಗೆ, "ನಮ್ದು ದುರ್ಗದ ಕಲ್ಲಿನ ಕೈ ಮೇಡಮ್ಮೋರೆ," ಎಂದು ಅವನು ಅಂಗೈ ತೋರಿಸುತ್ತಿದ್ದ. ನೋವನ್ನೇ ಓದಿಕೊಂಡಿದ್ದ ವಾರಿಜಾ ಎಲ್ಲರ ಹಾಗೆ ನಕ್ಕು ಸುಮ್ಮನಾಗುತ್ತಿದ್ದಳು.

ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ಹಂಚಿನ ಮುಂದೆಯೇ ಕುಸಿದು ಕೂತ. ಮೈಯೆಲ್ಲ ತಣ್ಣನೆಯ ಬೆವರು, ಉಸಿರು ಸಾಲದು. ರುದ್ರಾಂಬ ಅವನನ್ನು ಆಸ್ಪತ್ರೆಗೆ ಕರೆತಂದಳು. ಬಳೆ ಒಂದು ಎಂದಿತು, ದನಿ ಮನೆಗೆ ಹೋಗಿ ಎಂದಿತು. ಬಳೆ ಮಾಡಿದವರೇ ಪರಿಚಯದವರಲ್ಲವೇ ಎಂದು ಅವಳು ವಾರಿಜಾಳಿಗೆ ಫೋನ್ ಮಾಡಿದಳು.

ವಾರಿಜಾ ಬಂದಾಗ ಅವನು ಬಾಗಿಲ ಹೊರಗಿನ ಕುರ್ಚಿಯಲ್ಲಿದ್ದ. ಮುಖ ಬೂದಿಯಂತಾಗಿತ್ತು. ನಾಡಿ ನೋಡಲೆಂದು ಕೈ ಹಿಡಿದವಳಿಗೆ ಅಂಗೈಯಲ್ಲಿ ಹೊಸ ಬೊಬ್ಬೆ ಕಂಡಿತು.

"ಇದು ಯಾವಾಗ ಸುಟ್ಟಿದ್ದು?"

ಅವನು ಕೈ ತಿರುಗಿಸಿ ನೋಡಿಕೊಂಡ. "ಇವತ್ತೇ ಇರಬೇಕು. ನಂಗೆ ಗೊತ್ತೇ ಆಗಲ್ಲ ಮೇಡಂ."

"ಸಕ್ಕರೆ ಕಾಯಿಲೆ ಇದೆಯಾ?"

"ಐತೆ. ಭಾಳ ಹಳೇದು. ಔಷಧಿ ತುಟ್ಟಿ ಅಂತ ಬಿಟ್ಟಿದ್ದೆ."

ಸಕ್ಕರೆ ಅವನ ನರಗಳನ್ನು ತಿಂದುಹಾಕಿತ್ತು. ಸುದ್ದಿ ಒಯ್ಯುವ ನರವೇ ಸತ್ತ ಮೇಲೆ ಕೈ ಸುಟ್ಟರೂ ಸುದ್ದಿಯಿಲ್ಲ, ಹೃದಯಕ್ಕೆ ರಕ್ತ ನಿಂತರೂ ಸುದ್ದಿಯಿಲ್ಲ. ಅವಳು ಇಬ್ಬರಿಗೂ ಅರ್ಥವಾಗುವಂತೆ ಹೇಳಿದಳು: ಇದು ಹೃದಯಾಘಾತ, ನೋವಿಲ್ಲದ್ದು, ಬಳೆಗೆ ಎಂದೂ ಕಾಣದ್ದು.

"ನೋವಿಲ್ದೆ ಹೋದ್ರೆ ಒಳ್ಳೇದೇ ಅಲ್ವಾ," ಎಂದು ತಿಪ್ಪೇಸ್ವಾಮಿ ನಗಲು ನೋಡಿದ.

ಆಗ ರುದ್ರಾಂಬಳ ಬಳೆ ಕೂಗಿತು. ಒಂಬತ್ತು. ದುಃಖದ ಗಲಿಬಿಲಿಯೂ ಬಳೆಗೆ ನೋವೇ. ಬಾಗಿಲು ತೆರೆಯಿತು, ಒಳಗಿನಿಂದ ಓಡಿಬಂದವರು ಅವಳನ್ನು ಹಿಡಿದು ತಳ್ಳುಗಾಡಿಯ ಮೇಲೆ ಮಲಗಿಸಿದರು. ನನಗಲ್ಲ, ಅವರಿಗೆ ಎಂದು ಅವಳು ಕನ್ನಡದಲ್ಲಿ ಗೋಗರೆದಳು. ನಿಯಮದಂತೆ ರೋಗಿಯ ಜೊತೆ ಒಬ್ಬರು ಬರಬಹುದೆಂದು ದಾದಿ ಹೇಳಿದಳು.

"ನೀವು ಹೋಗಿ ಮೇಡಂ, ಅವಳಿಗೆ ಇಂಗ್ಲಿಷ್ ಬರಲ್ಲ. ನಾನಿಲ್ಲೇ ಕೂತಿರ್ತೀನಿ," ಎಂದ ತಿಪ್ಪೇಸ್ವಾಮಿ.

ಒಳಗೆ ಹೋಗಿ ಒಬ್ಬ ವೈದ್ಯನನ್ನು ಕೈಹಿಡಿದು ಎಳೆದುಕೊಂಡು ಬರಬಹುದೆಂದು ವಾರಿಜಾ ಹೋದಳು. ವೈದ್ಯರೆಲ್ಲ ರುದ್ರಾಂಬಳ ಹೃದಯವನ್ನು ಪರೀಕ್ಷಿಸುತ್ತಿದ್ದರು. ಅದು ಗಟ್ಟಿಮುಟ್ಟಾಗಿತ್ತು. ಹೊರಗಿನವರನ್ನು ಮುಟ್ಟಿದರೆ ಕೆಲಸ ಹೋಗುತ್ತದೆ ಎಂದು ಇಬ್ಬರು ತಲೆ ಆಡಿಸಿದರು. ಕೊನೆಗೆ ಒಬ್ಬ ತರುಣ ವೈದ್ಯ ಅವಳ ಮಾತು ನಂಬಿ ಹೊರಗೆ ಬಂದ. ತಿಪ್ಪೇಸ್ವಾಮಿ ಗೋಡೆಗೆ ತಲೆ ಆನಿಸಿ ಕೂತಿದ್ದ. ಬಳೆ ಸೊನ್ನೆ ತೋರಿಸುತ್ತಿತ್ತು.

ಜೊತೆಗೆ ಒಬ್ಬರು ಬರಬಹುದಿತ್ತು. ಆ ಒಬ್ಬ ಅವನೇ ಆಗಬಹುದಿತ್ತು. ಬಾಗಿಲ ಒಳಗೆ ಕುಸಿದವನನ್ನು ಯಾವ ವೈದ್ಯನೂ ಹೊರಗೆ ತಳ್ಳುತ್ತಿರಲಿಲ್ಲ. ಇದು ವಾರಿಜಾಳಿಗೆ ಹೊಳೆದದ್ದು ಮನೆಗೆ ಮರಳುವ ದಾರಿಯಲ್ಲಿ. ತನ್ನ ಓದಿನ ಮೇಲೆ ಅವಳಿಗೆ ಅಂದಿನಷ್ಟು ಅಸಹ್ಯ ಎಂದೂ ಆಗಿರಲಿಲ್ಲ.

ಅವಳು ಅದನ್ನು ಮುಚ್ಚಿಡದೆ ರುದ್ರಾಂಬಳಿಗೆ ಹೇಳಿದಳು. ರುದ್ರಾಂಬ ಬೈಯಲಿಲ್ಲ, ತನ್ನ ಬಳೆಯನ್ನು ನೋಡಿಕೊಂಡಳು. ಅದರಲ್ಲಿ ಒಂಬತ್ತು ಇಳಿದೇ ಇರಲಿಲ್ಲ. ಮರುದಿನ ಕೆಳಮನೆಯ ಮುದುಕಿಯನ್ನು ಜೊತೆ ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಮುದುಕಿಯ ಕಾಲು ಊದಿತ್ತು, ಅಂಕಿ ಮಾತ್ರ ನಾಲ್ಕು. ರುದ್ರಾಂಬ ಕೈ ಚಾಚಿದಳು, ಬಾಗಿಲು ತೆರೆಯಿತು. ಒಳಗಿದ್ದ ತರುಣ ವೈದ್ಯ ಕಡತದಲ್ಲಿ ರುದ್ರಾಂಬಳ ಹೆಸರು ಬರೆದು ಮುದುಕಿಯ ಕಾಲಿಗೆ ಔಷಧಿ ಮಾಡಿದ. ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿತು. ಗಂಡ ಸತ್ತವರು, ಮಗು ಕಳೆದುಕೊಂಡವರು ಕಾಯಿಲೆಯವರ ಕೈಹಿಡಿದು ಬಾಗಿಲಿಗೆ ಬರತೊಡಗಿದರು. ದುಃಖಕ್ಕೆ ಆ ಊರಿನಲ್ಲಿ ಬರವಿರಲಿಲ್ಲ.

ಕಂಪನಿ ಎಚ್ಚೆತ್ತು ವಾರಿಜಾಳನ್ನು ಕರೆಸಿತು. ಸ್ವಂತ ನೋವನ್ನೂ ಇನ್ನೊಬ್ಬರಿಗಾಗಿ ಪಡುವ ನೋವನ್ನೂ ಬೇರೆ ಮಾಡಲು ಬಳೆಗೆ ಕಲಿಸಬೇಕಿತ್ತು. ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವಿದೆ. ಅದನ್ನು ಗುರುತಿಸುವ ಬಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಅಂಥ ವ್ಯತ್ಯಾಸ ದೇಹದಲ್ಲಿಲ್ಲ. ಯಾರೂ ಕಲಿಸಲಾರರು," ಎಂದಳು. ಅವಳು ವಿಜ್ಞಾನದ ಹೆಸರಿನಲ್ಲಿ ಆಡಿದ ಮೊದಲ ಸುಳ್ಳು ಅದು. ಅಧಿಕಾರಿ ವಿನಯದಿಂದ, ಬೇರೆ ತಜ್ಞರನ್ನೂ ಕೇಳಿ ನೋಡುತ್ತೇವೆ ಎಂದ.

ಅಲ್ಲಿಂದ ಅವಳು ನೇರವಾಗಿ ಆಸ್ಪತ್ರೆಗೆ ಹೋದಳು. ರುದ್ರಾಂಬ ಗಾಜಿನ ಬಾಗಿಲ ಮುಂದೆ ಕೈ ಚಾಚಿ ನಿಂತಿದ್ದಳು. ಪಕ್ಕದಲ್ಲಿ ಕೆಮ್ಮುತ್ತಿದ್ದ ಬಸುರಿಯೊಬ್ಬಳು ಅವಳ ಸೆರಗು ಹಿಡಿದಿದ್ದಳು. ರುದ್ರಾಂಬಳ ಬಳೆಯಲ್ಲಿ ಆರು ಮೂಡಿತ್ತು. ಅಕ್ಕರೆಯ ದನಿ ಮನೆಗೆ ಹೋಗಲು ಹೇಳುತ್ತಿತ್ತು.

"ಕಮ್ಮಿ ಆಗ್ತಾ ಐತೆ ಮೇಡಂ," ಎಂದಳು ರುದ್ರಾಂಬ, ತಪ್ಪು ಮಾಡಿದವಳ ಹಾಗೆ. "ನಿನ್ನೆ ಒಂದ್ಸಲ ನಕ್ಕುಬಿಟ್ಟೆ." ಮತ್ತೆ ಬಸುರಿಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದಳು. "ಅವತ್ತು ನೀವು ಹೊರಗೆ ಬಂದಾಗ ಅವರು ಕುರ್ಚಿ ಮೇಲೆ ಹೆಂಗೆ ಕೂತಿದ್ರು? ಇನ್ನೊಂದ್ಸಲ ಹೇಳಿ."

ವಾರಿಜಾ ಆ ಕುರ್ಚಿಯನ್ನು ನೋಡಿದಳು. ಅದು ಅಲ್ಲೇ ಇತ್ತು. ರುದ್ರಾಂಬಳ ಕೈ ಹಿಡಿದುಕೊಂಡು ಮೊದಲಿನಿಂದ ಹೇಳತೊಡಗಿದಳು.