ಬಲೆಯ ಮುಖ

ಮೈಸೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನ ರೇಡಿಯೇಷನ್‌ಗೆ ಮೊದಲು ನನ್ನ ಗಂಡ ಶಿವರಾಮುವಿನ ಮುಖಕ್ಕೆ ಬಿಸಿನೀರಿನಲ್ಲಿ ಅದ್ದಿದ ಪ್ಲಾಸ್ಟಿಕ್ ಬಲೆ ಒತ್ತಿದರು. ಆರಿದಾಗ ಅದು ಅವರದೇ ಮುಖವಾಡವಾಯಿತು. ಗಲ್ಲದ ಗುಳಿಯೂ ಮೂಡಿತ್ತು. ದಿನವೂ ಅದನ್ನು ತೊಡಿಸಿ ಮೇಜಿಗೆ ಬಿಗಿಯುವಾಗ ಟೆಕ್ನಿಷಿಯನ್, "ಅಲ್ಲಾಡ್ಬೇಡಿ, ನೋವಾಗಲ್ಲ" ಎನ್ನುತ್ತಿದ್ದಳು.

ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದವನು ಅವರ ಅಣ್ಣ, ನನ್ನ ಭಾವ. ಕಾರಿನ ಕೀಲಿ ಅವನ ಹತ್ತಿರವಿತ್ತು. "ಕರೆಂಟ್ ಕೊಡ್ಸ್ಕಂಡು ಬಂದೋನು ಮನೇಲಿದ್ರೆ ಮಕ್ಳಿಗೂ ತಗುಲ್ತದೆ ಕಣಮ್ಮಿ" ಎಂದು ತಮ್ಮನನ್ನು ಜಗುಲಿಯಲ್ಲಿ ಮಲಗಿಸಿದ. ರೇಡಿಯೇಷನ್ನಿನಿಂದ ಯಾರಿಗೂ ಏನೂ ತಗುಲುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಎಷ್ಟು ಹೇಳಿದರೂ ಕೇಳಲಿಲ್ಲ. ಶಿವರಾಮು ನಮ್ಮೂರು ತೆರಕಣಾಂಬಿಯ ಆ ಜಗುಲಿಯಲ್ಲೇ ತೀರಿಕೊಂಡರು.

ತಿಥಿ ಮುಗಿಸಿ ನಾನು ಆಸ್ಪತ್ರೆಗೆ ಹೋಗಿ ಮುಖವಾಡವನ್ನು ಕೇಳಿ ತಂದು ಅಟ್ಟದ ಮೇಲಿಟ್ಟೆ. ಅಂದಿನಿಂದ ಭಾವ ಬೆಳಿಗ್ಗೆ ಏಳುವಾಗ ಅವನ ಕೆನ್ನೆಯ ಮೇಲೆ ಬಲೆಯ ಗುರುತು ಇರುತ್ತದೆ.

"ಅದ ಬಿಸಾಕ್ಬುಡಮ್ಮಿ, ನಿಂಗೆ ಕೈ ಮುಗೀತೀನಿ. ಮನಗಿದ್ರೆ ಉಸ್ರು ಕಟ್ತದೆ" ಎಂದು ನಿನ್ನೆ ಬೇಡಿಕೊಂಡ.

"ಅಲ್ಲಾಡ್ಬೇಡಿ ಭಾವ, ನೋವಾಗಲ್ಲ" ಎಂದೆ.

ಆಮೇಲೆ ಮುಖವಾಡವನ್ನು ಕೆಳಗಿಳಿಸಿ ನೋಡಿದೆ. ಈಗಷ್ಟೇ ಬಿಸಿನೀರಿನಿಂದ ತೆಗೆದಂತೆ ಬೆಚ್ಚಗಿತ್ತು. ಗಲ್ಲದ ಗುಳಿ ಮುಚ್ಚಿಹೋಗಿತ್ತು. ಮೂಗು ಭಾವನದು.