ಮೂರು ಗಂಟೆಯ ನಲವತ್ತೇಳು

"ಕಪಾಟಿನಲ್ಲೂ ಇಲ್ಲ, ಮೇಜಿನ ಕೆಳಗೂ ಇಲ್ಲ ತಾತ! ಎಲ್ಲಿ ಹೋಯ್ತು ಅದು?"

ಬೆಳಿಗ್ಗೆ ಹತ್ತು ಗಂಟೆ. ಶಾಸನಸಭೆಯ ಪ್ರಶ್ನೆ ಶಾಖೆಯಲ್ಲಿ ಹೊಸಬಳು ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಕಣ್ಣಲ್ಲಿ ಆಗಲೇ ನೀರು. ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿದ್ದರೂ ಆ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಹೊಸಬಳೇ. ಇನ್ನೊಂದು ತಿಂಗಳು ತಪ್ಪಿಲ್ಲದೆ ಕಳೆದರೆ ಕೆಲಸ ಕಾಯಂ. ಕಳೆದರೆ ತಾನೆ!

ಕಾಣೆಯಾಗಿದ್ದದ್ದು ಒಂದು ಲಕೋಟೆ. ಅದರೊಳಗೆ ಆರೋಗ್ಯ ಸಚಿವರ ಲಿಖಿತ ಉತ್ತರ.

ಶಾಸಕರು ಸಚಿವರಿಗೆ ಬರೆದು ಕೇಳುವ ಪ್ರಶ್ನೆಗಳೆಲ್ಲ ಮೊದಲು ಈ ಕೋಣೆಗೇ ಬರಬೇಕು. ಇಲ್ಲಿ ಸಂಖ್ಯೆ ಪಡೆದು ಇಲಾಖೆಗಳಿಗೆ ಹೋಗುತ್ತವೆ. ಉತ್ತರಗಳೂ ಇಲ್ಲಿಗೇ ಬಂದು ಸಭೆಯ ಮೇಜು ಸೇರುತ್ತವೆ. ಬಾಯಿಮಾತಿನಲ್ಲಿ ಕೇಳಿದರೆ ಸಚಿವರು ನಕ್ಕು ಮಾತು ಹಾರಿಸಬಹುದು. ಬರೆದು ಕೇಳಿದರೆ ಬರೆದೇ ಹೇಳಬೇಕು, ಕೆಳಗೆ ಸಹಿಯನ್ನೂ ಹಾಕಬೇಕು.

ಈ ಪ್ರಶ್ನೆ ನರ್ಸಮ್ಮನದು. ಇಪ್ಪತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಆಮೇಲೆ ಶಾಸಕಿಯಾದ ಹೆಂಗಸು. ಅವರು ಕೇಳಿದ್ದು ಎರಡೇ ಸಾಲು: ಆ ಆಸ್ಪತ್ರೆಯ ಲಿಫ್ಟ್ ಎಷ್ಟು ದಿನದಿಂದ ನಿಂತಿದೆ? ಎಂದು ಓಡುತ್ತದೆ? ರೋಗಿಗಳನ್ನು ಮೂರು ಮಹಡಿ ಹೊತ್ತು ಹತ್ತಿಸುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಧಿವೇಶನಕ್ಕೆ ಇವತ್ತೇ ಕೊನೆಯ ದಿನ. ಹನ್ನೊಂದು ಗಂಟೆಗೆ ಉತ್ತರ ಮೇಜಿನ ಮೇಲಿರದಿದ್ದರೆ ಪ್ರಶ್ನೆ ಅಧಿವೇಶನದ ಜೊತೆಗೇ ಬಿದ್ದುಹೋಗುತ್ತದೆ. ಬೀಳಿಸಿದವಳು ಯಾರು ಎಂದು ಕೇಳಿದರೆ ಎಲ್ಲರ ಬೆರಳೂ ಹೊಸಬಳ ಕಡೆಗೆ.

ಯಾಕೆಂದರೆ ಅವಳ ಸಹಿ ಇತ್ತು!

ಆರೋಗ್ಯ ಇಲಾಖೆಯಿಂದ ಕಾಗದಪತ್ರ ತಂದು ಕೊಡುವ ಅಧಿಕಾರಿ, ಚೀಲವನ್ನು ಮಡಿಲಲ್ಲಿಟ್ಟು, ಕೊಟ್ಟ ಲಕೋಟೆಗಳಿಗೆ ಸಹಿ ಪಡೆಯುವ ತಮ್ಮ ಟಪಾಲು ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡೇ ಕೂತಿದ್ದರು. ಅವರು ಮೆಟ್ಟಿಲಲ್ಲಿದ್ದಾಗಲೇ ಘಮಘಮ ಎಂದು ಕೋಣೆಗೆ ಗೊತ್ತಾಗುತ್ತಿದ್ದರಿಂದ ಅವರಿಗೆ ಅತ್ತರ್ ಸಾರ್ ಎಂದೇ ಹೆಸರು.

"ನೋಡಮ್ಮ, ನಿನ್ನೆ ಮೂರು ಗಂಟೆಗೆ ಏಳು ಲಕೋಟೆ ಕೊಟ್ಟೆ. ನೀನೇ ಸಹಿ ಹಾಕಿದ್ದೀಯ. ನಮ್ಮ ಕೆಲಸ ಅಲ್ಲಿಗೆ ಮುಗೀತು."

"ಆರು ಅಂತ ನೆನಪು ಸಾರ್..."

"ನೆನಪನ್ನ ಸಭೆ ಮೇಜಿನ ಮೇಲೆ ಇಡ್ತೀಯಾ?"

ಹೊಸಬಳು ಮತ್ತೆ ಮೇಜಿನ ಕೆಳಗೆ ಬಗ್ಗಿದಳು. ತಾನೇ ಎಡವಿದೆನೇನೋ! ನಿನ್ನೆ ಸಂಜೆ ಕಡಿಮೆ ಗಡಿಬಿಡಿಯೇ? ನಾಲ್ಕೂವರೆಗೆ ಒಬ್ಬ ಶಾಸಕರು ಬಂದು ಮೂವತ್ತೊಂದನೆಯ ಪ್ರಶ್ನೆ ವಾಪಸ್ ತೆಗೆದುಕೊಂಡಿದ್ದರು. ಪಟ್ಟಿಯನ್ನೆಲ್ಲ ಅವಳು ಮತ್ತೆ ಟೈಪ್ ಮಾಡಿದ್ದಳು. ಆ ಅವಸರದಲ್ಲಿ ಲಕೋಟೆ ರದ್ದಿ ಜೊತೆ ಸೇರಿತೋ ಏನೋ. ಗೋಂದು ತಾತ ಬೇರೆ, ಸಂಜೆ ಎರಡು ಮೂಟೆ ರದ್ದಿಯನ್ನು ಚೂರು ಮಾಡುವ ಯಂತ್ರಕ್ಕೆ ಕೊಟ್ಟುಬಂದಿದ್ದ.

"ನನ್ನನ್ಯಾಕೆ ಹಾಗೆ ನೋಡ್ತೀಯ?" ಎಂದ ತಾತ. ಮೂವತ್ತು ವರ್ಷದಿಂದ ಅಲ್ಲಿ ಲಕೋಟೆ ಅಂಟಿಸುತ್ತಿದ್ದವನು. "ಮುಚ್ಚಿದ ಲಕೋಟೇನ ನಾನು ರದ್ದಿಗೆ ಹಾಕೋದುಂಟೇ? ನನಗೆ ಕಣ್ಣು ಮಂಜು, ಬುದ್ಧಿಯಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಮ್ಮ ಕಾಣಿಸಿಕೊಂಡರು. ಶಾಖೆಯ ಮುಖ್ಯಸ್ಥೆ; ತಲೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು. ಆ ಹೆಸರು ಹಿಂದಿನಿಂದ ಕರೆಯುವುದು, ಎದುರಿಗೆ ಮೇಡಂ. ಹೆಸರಿನ ಸಂಗತಿ ಅವರಿಗೂ ಗೊತ್ತು. ಅದಕ್ಕೆ ತಕ್ಕಂತೆ ಗದರುವುದನ್ನೂ ಅವರು ಬಿಟ್ಟಿರಲಿಲ್ಲ.

"ಏನೇ ಇದು, ಕೊನೇ ದಿನ ನೆಲ ಒರೆಸ್ತಾ ಕೂತಿದ್ದೀಯ?"

ಹೊಸಬಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅತ್ತೆಮ್ಮ ಗಡಿಯಾರ ನೋಡಿದರು. ಹತ್ತೂ ಹನ್ನೆರಡು. ಕುರ್ಚಿ ಎಳೆದುಕೊಂಡು ಟಪಾಲು ಪುಸ್ತಕದ ಮುಂದೆ ಕೂತರು.

ಏಳು ಸಾಲು. ಒಂದೊಂದಕ್ಕೂ ಪ್ರಶ್ನೆಯ ಸಂಖ್ಯೆ. ಬಲಗಡೆ ಎಲ್ಲ ಸಾಲುಗಳಿಗೂ ಸೇರಿಸಿ ಒಂದು ಉದ್ದನೆಯ ಗೆರೆ, ಅದರ ಪಕ್ಕದಲ್ಲಿ ಒಂದೇ ಒಂದು ಸಹಿ.

"ಪ್ರತಿ ಸಾಲಿಗೂ ಯಾಕೆ ಸಹಿ ಹಾಕಲಿಲ್ಲ?"

"ನೀವೇ ಅಲ್ವಾ ಮೇಡಂ... ಅವಸರ ಇದ್ರೆ ಗೆರೆ ಎಳೆದು ಒಂದೇ ಸಹಿ ಸಾಕು ಅಂತ..."

"ಹ್ಞಾಂ. ನಾನೇ ಹೇಳಿದ್ದು." ಅತ್ತೆಮ್ಮ ಹಣೆ ಒತ್ತಿಕೊಂಡರು. "ಇಪ್ಪತ್ತು ವರ್ಷದಿಂದ ನಾನೂ ಹಾಗೇ ಮಾಡ್ತಿದ್ದೀನಿ, ಕರ್ಮ!" ಆಮೇಲೆ ಅತ್ತರ್ ಸಾರ್ ಕಡೆ ತಿರುಗಿದರು. "ಸಾಹೇಬ್ರೇ, ನಾಲ್ಕು ಮಾತು ಕೇಳ್ಲಾ?"

"ನಲವತ್ತು ಕೇಳಿ ಮೇಡಂ."

"ಲಕೋಟೆ ಕೊಟ್ಟಿದ್ದು ಎಷ್ಟು ಗಂಟೆಗೆ?"

"ಮೂರು. ಆ ಗಡಿಯಾರ ನೋಡೇ ಬರೆದಿದ್ದು."

"ಏಳೂ ಸಾಲು ಆಗಲೇ ಬರೆದ್ರಾ? ಆಮೇಲೆ ಒಂದನ್ನ ಸೇರಿಸಿದ್ದು ಅಂತ ಇಲ್ಲ?"

"ಛೆ ಛೆ! ಇವಳ ಎದುರಿಗೇ ಬರೆದೆ."

"ಈ ಏಳನೇದು — ಲಿಫ್ಟಿನ ಪ್ರಶ್ನೆ — ಸಂಖ್ಯೆ ಎಷ್ಟು?"

"ಇಲ್ಲೇ ಇದೆಯಲ್ಲ. ನಲವತ್ತೇಳು."

"ತಪ್ಪಿ ಬರೆದದ್ದಲ್ಲ ತಾನೆ?"

"ಲಕೋಟೆ ಮೇಲೆ ಏನಿತ್ತೋ ಅದನ್ನೇ ಬರೆದೆ. ಬೇಕಿದ್ರೆ ನಿಮ್ಮ ಹಲಗೆ ಮೇಲಿನ ಪಟ್ಟಿ ನೋಡ್ಕೊಳಿ, ನಲವತ್ತೇಳೇ!"

ಹೊಸಬಳೂ ಹಲಗೆ ನೋಡಿದಳು. ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಅಂಟಿಸಿದ ಪಟ್ಟಿ. ನಲವತ್ತೇಳು — ದೊಡ್ಡಾಸ್ಪತ್ರೆಯ ಲಿಫ್ಟ್. ಸರಿಯಾಗೇ ಇತ್ತು. ಮುಗಿಯಿತು ಕಥೆ ಎಂದುಕೊಂಡಳು.

ಅತ್ತೆಮ್ಮ ಮಾತ್ರ ನಿಧಾನವಾಗಿ ತಲೆಯ ಮೇಲಿನ ಕನ್ನಡಕ ತೆಗೆದು ಒರೆಸಿದರು.

"ಹುಡುಗಿ, ಈಗ ನಿನಗೊಂದು ಪ್ರಶ್ನೆ. ನಿನ್ನೆ ಮೂರು ಗಂಟೆಗೆ ನಲವತ್ತೇಳನೇ ಪ್ರಶ್ನೆ ಯಾವುದು?"

"ಲಿಫ್ಟ್..." ಎನ್ನಹೋದವಳು ತಟ್ಟನೆ ನಿಂತಳು. "ಅಯ್ಯೋ! ಅಲ್ಲ ಮೇಡಂ! ನಿನ್ನೆ ಮೂರು ಗಂಟೆಗೆ ನಲವತ್ತೇಳು ಬೀದಿ ದೀಪದ್ದು! ಲಿಫ್ಟಿಂದು ನಲವತ್ತೆಂಟು!"

"ಸಾಹೇಬ್ರಿಗೂ ಬಿಡಿಸಿ ಹೇಳು."

"ಮೂವತ್ತೊಂದನೇದು ವಾಪಸ್ ಹೋಗಿದ್ದು ನಾಲ್ಕೂವರೆಗೆ. ಒಂದು ಹೋದ್ರೆ ಕೆಳಗಿನವೆಲ್ಲ ಒಂದೊಂದು ಮೇಲಕ್ಕೆ ಸರೀತವೆ. ಮೂವತ್ತೆರಡು ಮೂವತ್ತೊಂದಾಯ್ತು, ನಲವತ್ತೆಂಟು ನಲವತ್ತೇಳಾಯ್ತು. ನಾನೇ ಟೈಪ್ ಮಾಡಿದ್ದು!" ಟೈಪ್ ಮಾಡಿದ ಬೆರಳುಗಳನ್ನೇ ಅವಳು ನೋಡಿಕೊಂಡಳು. ಇಷ್ಟು ಹೊತ್ತು ಇದು ತನಗೆ ಹೊಳೆಯಲಿಲ್ಲವಲ್ಲ!

"ದಿನಾ ಮಾಡೋ ಕೆಲಸ ಕಣ್ಣಿಗೆ ಬೀಳಲ್ಲ ಕಣೇ," ಎಂದರು ಅತ್ತೆಮ್ಮ. "ಸಾಹೇಬ್ರೇ, ನಿಮ್ಮ ಪುಸ್ತಕದ ಈ ಆರು ಸಾಲು ನೋಡಿ. ಆರಕ್ಕೂ ಹಳೇ ಪಟ್ಟಿಯ ಸಂಖ್ಯೆ. ಮೂರು ಗಂಟೆಗೆ ಬರೆದದ್ದು ಹಾಗೇ ಇರಬೇಕು. ಏಳನೇದಕ್ಕೆ ಮಾತ್ರ, ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಹಲಗೆ ಮೇಲೆ ಬಂದ ಸಂಖ್ಯೆ. ಅದು ನಿನ್ನೆ ಮೂರಕ್ಕೆ ನಿಮಗೆ ಹೇಗೆ ಗೊತ್ತಾಯ್ತು?"

ಅತ್ತರ್ ಸಾರ್ ಪುಸ್ತಕ ಮುಚ್ಚಲು ಕೈ ಚಾಚಿದರು.

"ಒಂಬತ್ತಕ್ಕೆ ಈ ಸಾರ್ ಬಂದು ಪಟ್ಟಿ ಬರ್ಕೊಂಡು ಹೋದ್ರು," ಎಂದ ಗೋಂದು ತಾತ ಮೂಲೆಯಿಂದ. "ನಾನೇ ಕುರ್ಚಿ ಕೊಟ್ಟೆ."

"ನಿನ್ನೆ ಕೊಟ್ಟದ್ದು ಆರೇ ಲಕೋಟೆ," ಎಂದರು ಅತ್ತೆಮ್ಮ. "ಏಳನೇ ಸಾಲು ಖಾಲಿ. ಹುಡುಗಿ ಅವಸರದಲ್ಲಿ ಅದರ ತನಕ ಗೆರೆ ಎಳೆದು ಸಹಿ ಹಾಕಿದ್ಲು. ಇವತ್ತು ಆ ಖಾಲಿ ಜಾಗಕ್ಕೆ ಲಿಫ್ಟಿನ ಪ್ರಶ್ನೆ ಬರೆದ್ರಿ. ಪ್ರಶ್ನೆ ಬಿದ್ದುಹೋಗುತ್ತೆ, ಕೆಟ್ಟ ಹೆಸರು ಇವಳಿಗೆ. ಯಂತ್ರಕ್ಕೂ ಹೋಗಿಲ್ಲ, ರದ್ದಿಗೂ ಹೋಗಿಲ್ಲ. ಆ ಲಕೋಟೆ ಈ ಕೋಣೆಗೆ ಬಂದೇ ಇಲ್ಲ. ತಡೆದವರು ನೀವು. ಹನ್ನೊಂದಕ್ಕೆ ಸಭಾಧ್ಯಕ್ಷರ ಮುಂದೆ ಈ ಪುಸ್ತಕ ಇಡ್ಲಾ, ಇಲ್ಲ ನೀವೇ ಚೀಲ ತೆಗೀತೀರಾ?"

ಅತ್ತರ್ ಸಾರ್ ಬೆವರು ಒರೆಸಿಕೊಂಡರು. ಅವರ ಕೈ ತಾನಾಗಿ ಚೀಲದ ಕಡೆ ಹೋಯಿತು. ಹೊರಗೆ ಬಂತು ಲಕೋಟೆ. ಅದರ ಮೇಲೆ ಟೈಪ್ ಮಾಡಿದ್ದದ್ದು ಸಂಖ್ಯೆ ನಲವತ್ತೆಂಟು!

"ಮೇಲಿನವರು ಹೇಳಿದ್ರು ಮೇಡಂ. ಸಚಿವರು ಸಹಿ ಹಾಕಿಬಿಟ್ಟಿದ್ದಾರೆ, ಇವತ್ತೊಂದು ದಿನ ಹೇಗಾದ್ರೂ ತಳ್ಳು ಅಂತ..." ಅವರ ದನಿ ತೀರಾ ಇಳಿದಿತ್ತು. "ಈ ಹುಡುಗಿಗೆ ಇಷ್ಟು ಪೆಟ್ಟು ಬೀಳುತ್ತೆ ಅಂತ ಯೋಚನೆ ಮಾಡ್ಲಿಲ್ಲ."

"ಮಾಡ್ಬೇಕಿತ್ತು," ಎಂದುಬಿಟ್ಟಳು ಹೊಸಬಳು. ಹೇಳಿದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾದಳು.

ಅತ್ತೆಮ್ಮ ಲಕೋಟೆ ಬಿಡಿಸಿ, ಉಳಿದ ಉತ್ತರಗಳಿಗೆ ನಿನ್ನೆ ಸಂಜೆ ಮಾಡಿದ್ದಂತೆಯೇ, ಹಾಳೆಯ ಮೇಲಿನ ನಲವತ್ತೆಂಟನ್ನು ಕೆಂಪು ಶಾಯಿಯಲ್ಲಿ ಹೊಡೆದು ನಲವತ್ತೇಳು ಮಾಡಿದರು. ಪಕ್ಕದಲ್ಲಿ ಚಿಕ್ಕ ಸಹಿ, ಇವತ್ತಿನ ತಾರೀಕು. "ಟಪಾಲು ಪುಸ್ತಕ ನಮ್ಮಲ್ಲೇ ಇರಲಿ ಸಾಹೇಬ್ರೇ. ತಾತ, ಪ್ರತಿ ತೆಗೆಯೋ ಯಂತ್ರ ಬಿಸಿ ಮಾಡಿ. ಓಡಿ!"

ತಾತ ನಿಜವಾಗಿಯೂ ಓಡಿದ. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಉತ್ತರ ಸಭೆಯ ಮೇಜಿನ ಮೇಲಿತ್ತು. ಇನ್ನೂರ ಹದಿನಾಲ್ಕು ದಿನದಿಂದ ಲಿಫ್ಟ್ ನಿಂತಿದೆ. ಹದಿನೈದು ದಿನದೊಳಗೆ ಓಡಿಸುತ್ತೇವೆ. ಕೆಳಗೆ ಸಚಿವರ ಸಹಿ.

ಮಧ್ಯಾಹ್ನ ನರ್ಸಮ್ಮ ಮೆಟ್ಟಿಲಿಳಿದು ಶಾಖೆಗೇ ಬಂದರು. ಕೈಯಲ್ಲಿ ಆ ಉತ್ತರ.

"ಉತ್ತರ ಸಿಕ್ಕಿತು, ಸಂತೋಷ. ಆದ್ರೆ ಒಂದು ಅರ್ಥ ಆಗ್ಲಿಲ್ಲ. ಬೇರೆ ಉತ್ತರಗಳ ಕೆಂಪು ತಿದ್ದುಪಡಿಗೆಲ್ಲ ನಿನ್ನೆ ತಾರೀಕು. ನನ್ನದಕ್ಕೆ ಮಾತ್ರ ಇವತ್ತಿಂದು. ಸಚಿವರ ಸಹಿ ನೋಡಿದ್ರೆ ಮೊನ್ನೇದು. ಎರಡು ದಿನ ಇದು ಎಲ್ಲಿ ಮಲಗಿತ್ತು?"

ಅತ್ತೆಮ್ಮ ಮುಗುಳ್ನಕ್ಕರು. "ನಾವು ಹೇಳೋ ಹಾಗಿಲ್ಲಮ್ಮ. ಬರೆದು ಕೇಳಿದ್ರೆ ಅವರೇ ಹೇಳ್ಬೇಕು."

ನರ್ಸಮ್ಮನಿಗೆ ಅಷ್ಟು ಸಾಕಾಯಿತು. ಅಲ್ಲೇ ಮೇಜಿನ ತುದಿಯಲ್ಲಿ ನಿಂತು ಬರೆದರು: ಸಚಿವರು ಸಹಿ ಹಾಕಿದ ಉತ್ತರವನ್ನು ಎರಡು ದಿನ ತಡೆಹಿಡಿದವರು ಯಾರು? ಯಾರ ಆದೇಶದಂತೆ? ಬರೆದದ್ದನ್ನು ಹೊಸಬಳ ಕೈಗೆ ಕೊಟ್ಟರು.

ಹೊಸಬಳು ಮುಂದಿನ ಅಧಿವೇಶನದ ಹೊಸ ದಾಖಲೆ ಪುಸ್ತಕ ತೆರೆದಳು. ಮೊದಲ ಪುಟ, ಮೊದಲ ಸಾಲು, ಸಂಖ್ಯೆ ಒಂದು. ಅಭ್ಯಾಸದಂತೆ ಗೆರೆ ಎಳೆಯಲು ಹೋದ ಪೆನ್ನನ್ನು ತಾನೇ ತಡೆದು, ಆ ಒಂದು ಸಾಲಿಗೆ ಸಮಯ ಬರೆದು ಪೂರ್ತಿ ಸಹಿ ಹಾಕಿದಳು.

"ಭೇಷ್," ಎಂದರು ಅತ್ತೆಮ್ಮ. "ತಾತ, ಇನ್ಮೇಲೆ ಇವಳನ್ನ ಹೊಸಬಳು ಅಂತ ಕರೀಬೇಡಿ."

"ಮತ್ತೇನಂತ ಕರೀಲಿ?"

"ಮೇಡಂ ಅನ್ನಿ."

ತಾತ ಗೋಂದಿನ ಡಬ್ಬಿ ಕೆಳಗಿಟ್ಟ. "ಸರಿ ಮೇಡಂ," ಎಂದ ಅವಳ ಕಡೆ ತಿರುಗಿ. ಅವಳಿಗೆ ನಗು ತಡೆಯಲಾಗಲಿಲ್ಲ.