ಮನೆ ಬಿಟ್ಟ ಮೇಲೆ ಕೇಳಿದ ಮಾತು

“ಬೆಳಕಿಗೆ ಅಡ್ಡ ಯಾರ ನಿಂತವ್ರು? ಸ್ವಲ್ಪ ಸರೀರಿ!”

ನೆಲ ಅಗೆದು ಮಾಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮಹಾನಂದಾ ತಲೆ ಎತ್ತದೆಯೇ ಗದರಿದಳು. ಬೆಳಗಿನಿಂದ ಅವಳ ಕೈ ನೆಟ್ಟಗಿರಲಿಲ್ಲ. ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು.

ಬಾಗಿಲಲ್ಲಿದ್ದವನು ಸರಿದ. ಆದರೆ ಹೋಗಲಿಲ್ಲ.

“ಹುಚ್ಚಪ್ಪನವರ ಮನಿ ಇದ ಅಲ್ರಿ?”

“ಇದ. ಸೀರಿ ಬೇಕಾಗಿತ್ತೇನು? ಇವತ್ತ ಯಾವ ಸೀರಿನೂ ಇಲ್ಲ.”

“ಸೀರಿಗೆ ಬಂದಿಲ್ರಿ... ನಾ ಶಿವಪುತ್ರ. ಬಾಗಲಕೋಟಿಯಿಂದ ಬಂದೇನಿ. ಈ ಮನಿ... ನಮ್ಮದು.”

ಲಾಳಿ ಅವಳ ಕೈಯಲ್ಲೇ ನಿಂತಿತು!

ಆ ಹೆಸರನ್ನು ಅವಳು ಅಂದೇ ಬೆಳಿಗ್ಗೆ ಓದಿದ್ದಳು. ರಿಜಿಸ್ಟರ್ ಅಂಚೆಯಲ್ಲಿ ಬಂದಿದ್ದ ವಕೀಲರ ನೋಟಿಸಿನಲ್ಲಿ. ‘ಸದರಿ ಮನೆಯು ನನ್ನ ಕಕ್ಷಿದಾರರಾದ ಶಿವಪುತ್ರ ಇವರ ಸ್ವಂತ ವಾಸಕ್ಕೆ ಬೇಕಾಗಿರುವುದರಿಂದ...’ ಓದಿ ಹೇಳು ಎಂದ ಅಪ್ಪನಿಗೆ ಪೂರ್ತಿ ಓದಿ ಹೇಳುವ ಧೈರ್ಯ ಅವಳಿಗೆ ಇರಲಿಲ್ಲ. ನೇಯ್ದು ನೇಯ್ದು ಕಣ್ಣು ಮಂಜಾದ ಅಪ್ಪ, ಅವಳ ದನಿಯಲ್ಲೇ ಎಲ್ಲವನ್ನೂ ತಿಳಿದುಕೊಂಡಿದ್ದ.

ಅವಳು ಕುಣಿಯಿಂದ ಮೇಲೆದ್ದು ಬಂದಳು.

“ಓಹೋ, ಮಾಲಕರು! ನೋಟಿಸು ಕಳಿಸಿ ಆಮ್ಯಾಲೆ ಮಾರಿ ತೋರ್ಸಾಕ ಬಂದ್ರೇನು?”

“ಹಂಗಲ್ರಿ... ನೋಟಿಸು ಮುಟ್ಟೂದ್ರಾಗ ನಾನ ಬಂದು ಹೇಳಬೇಕಂತ ಮಾಡಿದ್ದೆ. ಅವ್ವಗ ಆರಾಮ ತಪ್ಪಿತು. ತಡಾ ಆತು.”

“ಬಾಡಿಗಿ ಒಮ್ಮೆರ ತಪ್ಪೈತೇನು? ಗೋಡಿಗೆ ಒಂದು ಮೊಳಿ ಬಡದೇವೇನು? ನಾ ಸಣ್ಣಾಕಿ ಇದ್ದಾಗಿಂದ ಈ ಕುಣ್ಯಾಗ ನಮ್ಮಪ್ಪ ಕುಂತು ನೇದಾನ. ಮಗ್ಗ ಹೊತ್ಕೊಂಡು ಹೋಗಬಹುದು, ಕುಣಿ ಹೊತ್ಕೊಂಡು ಹೋಗಾಕ ಬರ್ತೈತೇನ್ರಿ?”

ಶಿವಪುತ್ರ, ಒಳಗಿನಿಂದ ಗೋಡೆ ಸವರುತ್ತ ಬಂದ ಹುಚ್ಚಪ್ಪನನ್ನು ನೋಡಿದ. ಅವನ ಕಣ್ಣು ತುಂಬಿತು. ಎರಡೂ ಕೈ ಜೋಡಿಸಿ ಹೊರಟುಹೋದ.

‘ಜಗಳಕ್ಕೆ ನಿಂತಿದ್ದರಾದರೂ ಚೆನ್ನಾಗಿತ್ತು... ಮನೆ ಕಸಿಯಲು ಬಂದವನ ಕಣ್ಣು ಹೀಗೇಕೆ ತುಂಬಿಕೊಳ್ಳಬೇಕು?’

ಅಂದು ಸಂಜೆಯವರೆಗೂ ಅವಳಿಗೆ ಆ ಕಣ್ಣುಗಳ ಮೇಲೆಯೇ ಸಿಟ್ಟು.

ಮಾರನೆಯ ದಿನ ಅವಳು ಹುನಗುಂದಕ್ಕೆ ಹೋಗಿ ನಜೀರಸಾಬ ವಕೀಲರ ಮುಂದೆ ಕೂತಳು. ವಯಸ್ಸಾದ, ಸಮಾಧಾನದ ಮನುಷ್ಯ. ನೋಟಿಸನ್ನು ನಿಧಾನ ಓದಿ ಕನ್ನಡಕ ತೆಗೆದರು.

“ನೋಡವ್ವಾ, ಮಾಲಕಗ ಖರೇನ ಮನಿ ಬೇಕಾಗಿದ್ರ ಕೋರ್ಟು ಅವನ ಮಾತು ಕೇಳ್ತೈತಿ. ಬ್ಯಾಡಾಗಿದ್ರೂ ಬೇಕು ಅಂತ ಸುಳ್ಳು ಹೇಳಿದ್ರ ಮಾತ್ರ ನಾವು ಹಿಡೀಬಹುದು. ಅವರಿಗೆ ಬಾಗಲಕೋಟಿಯಾಗ ಮನಿ ಐತಿಲ್ಲೋ?”

“ಐತ್ರಿ. ಅಲ್ಲೇ ಇರ್ತಾರ.”

“ಹಂಗಾರ ಉತ್ತರಾ ಬರಿಯೋಣ. ನಿಮ್ಮ ಗರಜು ಸುಳ್ಳು, ಬಡವರನ್ನ ಹೊರಗ ಹಾಕಾಕ ಹೂಡಿದ ಆಟ ಅಂತ.”

ಮಹಾನಂದಾಳಿಗೆ ತುಂಬಿದ ಆ ಕಣ್ಣುಗಳು ನೆನಪಾದವು. ಹಿಂದೆಯೇ ಗೋಡೆ ಸವರುವ ಅಪ್ಪನ ಕೈ ನೆನಪಾಯಿತು.

“ಬರೀರಿ,” ಎಂದಳು.

ಉತ್ತರ ಹೋಯಿತು. ಈ ನಡುವೆ ಅವಳು ಇಳಕಲ್ಲಿನ ಓಣಿ ಓಣಿ ತಿರುಗಿ ಬೇರೆ ಮನೆ ಹುಡುಕಿದಳು. ಮನೆಗಳೇನೋ ಇದ್ದವು. ಆದರೆ ಎಲ್ಲ ಕಡೆ ನೆಲಕ್ಕೆ ಕೆಂಪು ಗ್ರಾನೈಟು, ಇಲ್ಲವೆ ಸಿಮೆಂಟು.

“ಕುಣಿ ಮಗ್ಗಾ? ಏ ತಂಗಿ, ನೆಲಾ ಅಗ್ಯಾಕ ಯಾರು ಮನಿ ಕೊಡ್ತಾರ? ಮಗ್ಗ ಬಿಟ್ಟು ಬರೂದಿದ್ರ ಬಾ.”

ಮಗ್ಗ ಬಿಟ್ಟು! ಕಣ್ಣು ಕಾಣದಿದ್ದರೂ ಹುಚ್ಚಪ್ಪ ದಿನಾ ಒಂದಿಷ್ಟು ಹೊತ್ತು ಆ ಕುಣಿಗೆ ಇಳಿಯುತ್ತಿದ್ದ. ಬೆರಳಿಗೆ ಎಳೆ ಗೊತ್ತಿತ್ತು, ಕಾಲಿಗೆ ತುಳಿಯುವ ಮಣೆ ಗೊತ್ತಿತ್ತು. ಉಳಿದ ಲೋಕವೆಲ್ಲ ಅವನಿಗೆ ಮಸುಕು. ಅಲ್ಲಿ ಮಾತ್ರ ಅವನು ಯಾರ ಕೈಯನ್ನೂ ಹಿಡಿಯಬೇಕಿರಲಿಲ್ಲ.

ಕೊನೆಗೆ ಅವಳೇ ನಿರ್ಧಾರ ಮಾಡಿದಳು. ‘ಬಾಗಲಕೋಟೆಗೆ ಹೋಗಿ ಅವರ ಮನೆಯನ್ನು ಕಣ್ಣಾರೆ ನೋಡಿ ಬರುತ್ತೇನೆ. ಅವನ ಸುಳ್ಳನ್ನು ಅವನ ಹೊಸ್ತಿಲಲ್ಲೇ ಹಿಡಿಯುತ್ತೇನೆ!’

ಅದು ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಯ ಓಣಿಗಳಿಗೆ ಏರುತ್ತಿದ್ದ ಕಾಲ. ಬಸ್ಸಿಳಿದು ವಿಳಾಸ ಕೇಳುತ್ತ ನಡೆದವಳಿಗೆ ಊರೇ ಸಿಗಲಿಲ್ಲ. ಬಾಗಿಲಿಲ್ಲದ ಮನೆಗಳು. ಕಿಟಕಿ ಕಿತ್ತ ಗೋಡೆಗಳು. ಟ್ರ್ಯಾಕ್ಟರಿನ ಮೇಲೆ ತೊಲೆ, ಕಂಬ, ದೇವರ ಜಗುಲಿಯ ಕಲ್ಲು. ಓಣಿಯ ಕೊನೆಯಲ್ಲಿ ಕೆಂಪಗೆ ನಿಂತ ನೀರು.

ಶಿವಪುತ್ರನ ಮನೆಗೆ ಅರ್ಧ ಮಾತ್ರ ಸೂರು ಉಳಿದಿತ್ತು. ಆ ಅರ್ಧದ ಕೆಳಗೆ ಹಗ್ಗದ ಹೊರಸಿನ ಮೇಲೆ ಒಬ್ಬ ಮುದುಕಿ ಕೂತು ಕೆಮ್ಮುತ್ತಿದ್ದಳು.

“ಯಾರವ್ವಾ? ಬಾ, ಒಳಗ ಬಾ... ಒಳಗ ಯಾವುದು, ಹೊರಗ ಯಾವುದು, ನನಗೂ ತಿಳೀವಲ್ದು.”

“ನಾ... ಇಳಕಲ್ಲಿನಿಂದ ಬಂದೇನ್ರಿ. ಹುಚ್ಚಪ್ಪನ ಮಗಳು.”

ಬೈಗುಳ ಬೀಳುತ್ತದೆ ಎಂದುಕೊಂಡು ಅವಳು ಸೆರಗು ಬಿಗಿ ಹಿಡಿದಳು. ಆ ಮುದುಕಿ, ಶಿವಪುತ್ರನ ಅವ್ವ ಗುರುಲಿಂಗವ್ವ, ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನಿಮ್ಮನಿಗೆ ಬಂದು ಹೋದ ದಿನ ನನ್ನ ಮಗ ಉಣ್ಣಲಿಲ್ಲವ್ವಾ.”

“ಈ ಮನಿ ಹಿಂಗ್ಯಾಕ್ರಿ? ನಿಮ್ಮ ಮನಿ ಕಟಿಗಿ ಯಾರು ಒಯ್ಯಾಕತ್ತಾರ?”

“ನಮ್ಮದಲ್ಲವ್ವಾ. ನಾವೂ ಬಾಡಿಗಿ ಇದ್ದವರು. ಮಾಲಕರು ತಮ್ಮ ಕಟಿಗಿ ತಾವು ಒಯ್ತಾರ. ತಪ್ಪೇನೈತಿ? ಬಿಟ್ರ ನೀರು ಒಯ್ತೈತಿ.”

ಮಹಾನಂದಾ ಅರ್ಧ ಸೂರಿನತ್ತ ತಲೆ ಎತ್ತಿ ನೋಡಿದಳು. ಬಾಡಿಗೆ ಮನೆಯೇ?

ಅಷ್ಟರಲ್ಲಿ ಶಿವಪುತ್ರ ಬಂದ. ತಲೆಯ ಮೇಲೆ ಟೈಪ್‌ರೈಟರ್ ಹೊತ್ತಿದ್ದ. ಕೋರ್ಟಿನ ಮುಂದೆ ಕೂತು ಅರ್ಜಿ, ನೋಟಿಸು ಟೈಪ್ ಮಾಡಿಕೊಡುವುದು ಅವನ ಕೆಲಸ. ಅವಳನ್ನು ಕಂಡು ಯಂತ್ರವನ್ನು ಕೆಳಗಿಡುವುದನ್ನೇ ಮರೆತು ನಿಂತ.

“ಸುಳ್ಳು ಹಿಡ್ಯಾಕ ಬಂದಿದ್ದೆ,” ಎಂದಳು. “ನಿಮಗೂ ನೋಟಿಸು ಬಂದಿತ್ತೇನು?”

ಅವನು ಯಂತ್ರವನ್ನು ಇಳಿಸಿ ಅದರ ಪಕ್ಕದಲ್ಲೇ ಕೂತ.

“ಬಂದಿತ್ರಿ. ಟೈಪ್ ಮಾಡಿದವನೂ ನಾನ. ವಕೀಲರು ಬಾಯಿಂದ ಹೇಳಕೋತ ಹೋದ್ರು, ನಾ ಬಡಕೋತ ಹೋದೆ. ‘ಶಿವಪುತ್ರ, ಬಾಡಿಗಿದಾರರು’ ಅಂದಾಗ ಕೈ ನಿಂತ್ವು. ಅವರು ನನ್ನ ಮಾರಿ ನೋಡಿದ್ರು... ಮುಂದ ಬಡಿ ಅಂದ್ರು. ಬಡದೆ.”

“ನಮ್ಮಪ್ಪನ ನೋಟಿಸು?”

“ಅದನ್ನೂ ನಾನ ಟೈಪ್ ಮಾಡೇನಿ. ‘ಸ್ವಂತ ವಾಸಕ್ಕೆ’ ಅಂತ ಬಡಿಯೂ ಮುಂದ ಈ ಸೂರು ನೋಡಿದೆ. ಅವ್ವನ್ನ ಎಲ್ಲಿ ಇಡ್ಲಿ? ಇಳಕಲ್ಲಿನ ಮನಿ ಬಿಟ್ರ ನನಗ ಮತ್ತೊಂದು ನೆಲಾ ಇಲ್ಲ.”

“ನಾವು... ನಿಮ್ಮನ್ನ ಸುಳ್ಳಾ ಅಂತ ಬರಸಿದ್ವಿ.”

“ಓದಿದೆ. ನಿಮ್ಮ ಜಾಗಾದಾಗ ಇದ್ರ ನಾನೂ ಅದನ್ನ ಬರಸ್ತಿದ್ದೆ.”

ಸಿಟ್ಟು ಮಾಡಲು ಅವಳಿಗೆ ಏನೂ ಉಳಿದಿರಲಿಲ್ಲ. ಸಿಟ್ಟಿದ್ದಾಗ ಎಷ್ಟು ಸುಲಭವಿತ್ತು!

“ಹಂಗಾರ ಏನು ಮಾಡೂದ್ರಿ?”

“ಗೊತ್ತಿಲ್ರಿ,” ಎಂದ ಶಿವಪುತ್ರ. “ಖರೇನ ಗೊತ್ತಿಲ್ಲ.”

ನೋಟಿಸು ಕೊಟ್ಟವನೂ ಪಡೆದವಳೂ ಸೂರಿಲ್ಲದ ಪಡಸಾಲೆಯಲ್ಲಿ ಎದುರುಬದುರು ಕೂತಿದ್ದರು. ಗುರುಲಿಂಗವ್ವ ಎದ್ದು ಚಹಾಕ್ಕೆ ಒಲೆ ಊದತೊಡಗಿದಳು.

ಆಮೇಲೆ ಅವನು ರವಿವಾರ ರವಿವಾರ ಇಳಕಲ್ಲಿಗೆ ಬರತೊಡಗಿದ. ಅವಳಿಗೆ ಮನೆ ಹುಡುಕಲು! ಇಬ್ಬರೂ ಕೂಡಿ ಬಾಗಿಲು ಬಡಿದರು. “ನೆಲಾ ನಾನ ಮತ್ತ ಸರಿ ಮಾಡಿಸಿ ಕೊಡ್ತೇನ್ರಿ” ಎಂದು ಅವನು ಬೇಡಿಕೊಳ್ಳುತ್ತಿದ್ದ. ಯಾರೂ ಒಪ್ಪಲಿಲ್ಲ. ಬಿಸಿಲಿನಲ್ಲಿ ತಿರುಗಿ ಸೋತು ಅವರು ಬೇವಿನ ನೆರಳಲ್ಲಿ ನಿಲ್ಲುತ್ತಿದ್ದರು. ಅವಳ ಅವ್ವ ತೀರಿಹೋದದ್ದು, ಅವನು ಕಾಲೇಜು ಅರ್ಧಕ್ಕೆ ಬಿಟ್ಟದ್ದು, ಯಾವ ಯಾವುದೋ ಮಾತು ಬರುತ್ತಿತ್ತು. ಒಮ್ಮೆ ಹುಚ್ಚಪ್ಪ ಅವನ ಕೈ ಹಿಡಿದು ಕುಣಿಗೆ ಇಳಿಸಿ, ಲಾಳಿ ಎಳೆಯುವುದನ್ನು ಕಲಿಸಿದ. ಶಿವಪುತ್ರ ಎಳೆದ ಮೊದಲ ಎಳೆಯೇ ಹರಿಯಿತು. ಮಹಾನಂದಾ ಬಿದ್ದುಬಿದ್ದು ನಕ್ಕಳು.

ನಕ್ಕ ಮೇಲೆ ಹೆದರಿದಳು. ‘ಇವನು ಮಾಲಕ... ನಾನು ಬಾಡಿಗೆಯವಳು. ಇದೇನು ಶುರುವಾಯಿತು ನನಗೆ?’

ಓಣಿಯವರು ಸುಮ್ಮನಿರುತ್ತಾರೆಯೇ? ಎದುರುಮನೆಯ ಸತ್ಯವ್ವ ಕಟ್ಟೆಯ ಮೇಲೆ ನಿಂತು ಅವಳಿಗೆ ಕೇಳಿಸುವಂತೆಯೇ ಅಂದಳು:

“ಕೋರ್ಟು ಯಾಕ ಬೇಕವ್ವಾ? ಹುಡುಗಿ ನಕ್ಕೋತ ಮನಿ ಉಳಿಸ್ಕೊಳ್ಳಾಕತ್ತಾಳ.”

ಆ ಮಾತು ಮಹಾನಂದಾಳ ಎದೆಗೆ ನೆಟ್ಟಿತು.

ಮಳೆ ಹಿಡಿಯಿತು. ರವಿವಾರ ಬಂತು, ಶಿವಪುತ್ರ ಬರಲಿಲ್ಲ. ಮುಂದಿನ ರವಿವಾರವೂ ಬರಲಿಲ್ಲ. ಗುರುಲಿಂಗವ್ವನನ್ನು ದವಾಖಾನೆಗೆ ಸೇರಿಸಿದ್ದಾರೆ, ಎದೆಯಲ್ಲಿ ಕಫ ಕಟ್ಟಿದೆ ಎಂದು ಬಾಗಲಕೋಟೆಯಿಂದ ಬಂದವರು ಹೇಳಿದರು. ಅವಳು ಮತ್ತೆ ಹುನಗುಂದಕ್ಕೆ ಓಡಿದಳು.

“ಅವರು ಇನ್ನೂ ದಾವೆ ಹಾಕಿಲ್ಲ,” ಎಂದರು ನಜೀರಸಾಬ ವಕೀಲರು. “ಹಾಕಿದ್ರೂ ಹೆದರಬ್ಯಾಡ. ತಾರೀಖ ಮ್ಯಾಲೆ ತಾರೀಖ ತಗೊಂಡು ವರ್ಷಗಟ್ಟಲೆ ಎಳೀಬಹುದು. ಕಡೀಕ ಗೆಲ್ಲಾಕಾಗಂಗಿಲ್ಲ ಖರೆ. ಆದ್ರ ಅಲ್ಲಿಮಟ ಅವರು ಒಳಗ ಬರಂಗಿಲ್ಲ.”

“ಅಲ್ಲಿಮಟ ಆ ಮುದುಕಿ ಎಲ್ಲಿ ಇರ್ತಾಳ್ರಿ?”

ವಕೀಲರು ಕನ್ನಡಕ ಒರೆಸಿಕೊಂಡರು.

ಅವಳು ಮನೆಗೆ ಬಂದಾಗ ಹುಚ್ಚಪ್ಪ ಕುಣಿಯಲ್ಲೇ ಇದ್ದ. ಎಲ್ಲವನ್ನೂ ಹೇಳಿದಳು. ಅವನು ಮಗ್ಗದ ಮರದ ಮೇಲೆ ಕೈಯಾಡಿಸಿದ.

“ನನಗರ ಕಣ್ಣು ಕಾಣಂಗಿಲ್ಲ. ನೀ ನೋಡಿ ಬಂದೀಯಲ್ಲ... ಅವರ ತಲೀಮ್ಯಾಲೆ ಸೂರಿಲ್ಲ ಅಂತ ನೋಡೀಯಲ್ಲ?”

“ನೋಡೇನಿ ಅಪ್ಪಾ.”

“ಹಂಗಾರ ಈ ಹಾಸಿನ ಸೀರಿ ನೇದು ಇಳಿಸಿದ ಮ್ಯಾಲೆ ಕುಣಿ ಮುಚ್ಚು. ಗುಡೂರಿಗೆ ನಿಮ್ಮ ಚಿಗವ್ವನ ಮನಿಗೆ ಹೋಗೂನು.”

“ಅಪ್ಪಾ, ಅಲ್ಲಿ ಮಗ್ಗಕ್ಕ ಜಾಗ ಇಲ್ಲ...”

“ಗೊತ್ತೈತಿ.”

ಅಷ್ಟೇ ಅಂದ. ಮಗಳ ಆಸರೆ ಇಲ್ಲದೆ ಮೇಲೆದ್ದು ಬರಲು ಆವತ್ತು ಅವನಿಗೆ ಆಗಲಿಲ್ಲ.

ಮಗ್ಗ ಬಿಚ್ಚಿದ್ದಾಯಿತು. ಅವಳೇ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಕುಣಿ ಮುಚ್ಚಿದಳು, ತುಳಿದಳು, ಸೆಗಣಿಯಿಂದ ಸಾರಿಸಿದಳು. ಶಿವಪುತ್ರನಿಗೆ ಹೇಳಿ ಕಳಿಸಿದಳು.

ಅವನು ಬಂದ. ಸೊರಗಿದ್ದ, ಗಡ್ಡ ಬೆಳೆದಿತ್ತು. ಸಮತಟ್ಟಾದ ನೆಲವನ್ನು ಕಂಡು ಗೋಡೆಗೆ ಕೈ ಊರಿದ.

“ಕೀಲಿ ತಗೋರಿ,” ಎಂದಳು ಮಹಾನಂದಾ.

‘ಬ್ಯಾಡ ಅನ್ನು... ಒಂದು ಸಾರಿ ಬ್ಯಾಡ ಅನ್ನು! ಇಲ್ಲ, ಹೋಗಬ್ಯಾಡ ಅನ್ನು. ಏನಾದರೂ ಒಂದು ಅನ್ನು...’

ಅವನ ತುಟಿಗಳು ಅಲುಗಿದವು. ಮಾತು ಬರಲಿಲ್ಲ. ಕೀಲಿ ತೆಗೆದುಕೊಂಡ. ಹುಚ್ಚಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಟೆಂಪೋಕ್ಕೆ ಮಗ್ಗದ ಮರ ಏರಿಸಲು ಹೆಗಲು ಕೊಟ್ಟ. ಅಷ್ಟೇ!

ಗುಡೂರಿನ ದಾರಿಯುದ್ದಕ್ಕೂ ಅವಳು ಅತ್ತಳು. ‘ಅವನಿಗೆ ಮನೆ ಬೇಕಿತ್ತು, ಸಿಕ್ಕಿತು. ಮಾತು ಮುಗಿಯಿತು. ನಾನೇ ಹುಚ್ಚಿ!’

ಚಿಗವ್ವನ ಮನೆಯಲ್ಲಿ ಮಗ್ಗದ ಮರಗಳನ್ನು ಗೋಡೆಗೆ ಆನಿಸಿ ಇಟ್ಟರು. ಮಹಾನಂದಾ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯಲು ಹೋದಳು. ಹುಚ್ಚಪ್ಪ ಪಡಸಾಲೆಯಲ್ಲಿ ಕೂತೇ ಇರುತ್ತಿದ್ದ. ಒಮ್ಮೊಮ್ಮೆ ಅವನ ಬಲಗೈ ಸುಮ್ಮನೆ ಗಾಳಿಯಲ್ಲಿ ಎಳೆಯುತ್ತಿತ್ತು. ಅದನ್ನು ಕಂಡ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ಏನು ಮಾಡಬಹುದಿತ್ತು? ಯಾರ ಮೇಲೆ ಸಿಟ್ಟು ಮಾಡಬಹುದಿತ್ತು?

ಸುಗ್ಗಿ ಮುಗಿದು ಬಿಸಿಲು ಏರಿದ ಹೊತ್ತಿಗೆ, ಒಂದು ಮಧ್ಯಾಹ್ನ ಅಂಗಳದಲ್ಲಿ ಯಾರೋ ನಿಂತಂತಾಯಿತು.

ಶಿವಪುತ್ರ!

ಅವಳು ಮುಖ ತಿರುಗಿಸಿದಳು.

“ಏನಾರ ಬಿಟ್ಟು ಬಂದೇವೇನ್ರಿ ಮನ್ಯಾಗ?”

“ಇಲ್ರಿ.”

“ಹಂಗಾರ ಇಲ್ಲಿಗೂ ನೋಟಿಸು ತಂದ್ರೇನು?”

ಅವನು ತಲೆ ತಗ್ಗಿಸಿದ.

“ಅವ್ವ ಆರಾಮಾಗ್ಯಾಳ್ರಿ. ಅಡ್ಡಾಡ್ತಾಳ. ನಿಮ್ಮ ಹೆಸರು ತಗೊಳ್ಳದ ಒಂದು ತುತ್ತು ಉಣ್ಣಂಗಿಲ್ಲ.”

ಅವಳಿಗೆ ಅಳು ಒತ್ತಿ ಬಂತು.

“ಕೀಲಿ ತಗೊಂಡ ದಿನ ಒಂದ ಒಂದು ಮಾತು ಆಡ್ಲಿಲ್ಲಲ್ರಿ! ಹೋಗಬ್ಯಾಡ ಅನ್ನಾಕೂ ನಿಮಗ ಬಾಯಿ ಬರ್ಲಿಲ್ಲೇನು?”

“ಅಂದ್ರ ನೀವು ನಿಲ್ತಿದ್ರೇನ್ರಿ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಆವತ್ತ ನಾ ನಿಮ್ಮನ್ನ ಕೇಳಿದ್ರ ಏನಾಗ್ತಿತ್ತು? ಮನಿ ನಂದು, ನೋಟಿಸು ನಂದು. ನನ್ನ ಮದಿವ್ಯಾಗ್ರಿ, ಮನ್ಯಾಗ ಇರ್ರಿ ಅಂದಂಗ ಆಗ್ತಿತ್ತು. ನೀವು ಹೂಂ ಅಂದಿದ್ರ ಅದು ನನಗ ಅಂದ ಹೂಂ ಏನು, ನಿಮ್ಮಪ್ಪನ ಮಗ್ಗಕ್ಕ ಅಂದ ಹೂಂ ಏನು... ಜೀವಾ ಇರೂತನಕ ನನಗ ತಿಳೀತಿರಲಿಲ್ಲ. ಇಲ್ಲ ಅನ್ನಾಕ ನಿಮಗೆಲ್ಲಿ ದಾರಿ ಇತ್ತು? ಅದಕ್ಕ ಬಾಯಿ ಕಚ್ಚಿ ಹಿಡದೆ.”

“ಈಗ?”

“ಈಗ ನಾ ನಿಮ್ಮ ಮಾಲಕ ಅಲ್ಲ. ನೀವು ನನ್ನ ಬಾಡಿಗಿಯವರಲ್ಲ. ಇಲ್ಲ ಅನ್ನಾಕ ನಿಮಗ ಪೂರಾ ಹಕ್ಕೈತಿ. ಅದಕ್ಕ ಈಗ ಕೇಳಾಕ ಬಂದೇನಿ... ಮಹಾನಂದಾ, ನನ್ನ ಕೂಡ ಬಾಳೇವು ಮಾಡ್ತೀರೇನು?”

ಇಷ್ಟು ದಿನದ ಅವನ ಮೌನ ಅವಳ ಎದೆಯೊಳಗೆ ಒಂದೇ ಸಲ ಕರಗಿತು. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಜನಾ ಅಂತಾರ... ಮನಿ ಆಸೆಗೆ ಅಂತ.”

“ಮನಿ ಬಿಟ್ಟು ಬಂದಾಕಿಗೆ ಹಂಗಂದ್ರ ಅನ್ಲಿ ಬಿಡ್ರಿ.”

ಒಳಗಿನಿಂದ ಹುಚ್ಚಪ್ಪನ ದನಿ ಕೇಳಿತು.

“ಮಹಾನಂದಾ... ಬಂದವರಿಗೆ ಕುಡ್ಯಾಕ ನೀರು ಕೊಟ್ಟೀಯೋ ಇಲ್ಲೋ? ಆ ಹುಡುಗನ ದನಿ ಒಣಗೇತಿ ನೋಡು.”

ಅವಳು ತಂಬಿಗೆ ತಂದಳು. ಅವನು ಅದನ್ನು ಹಿಡಿದುಕೊಂಡೇ ನಿಂತ. ಕುಡಿಯಲಿಲ್ಲ.

“ನಾ ಇಲ್ಲ ಅಂದ್ರ ಏನು ಮಾಡ್ತೀರಿ?”

“ಸಂಜಿ ಬಸ್ಸಿಗೆ ಇಳಕಲ್ಲಿಗೆ ಹೋಗ್ತೇನಿ.”

“ಹೂಂ ಅಂದ್ರ?”

“ಆಗೂ ಅದ ಬಸ್ಸಿಗೇ ಹೋಗಬೇಕ್ರಿ... ಅವ್ವ ಒಬ್ಬಾಕಿನ ಅದಾಳ.”

ಎಷ್ಟೋ ದಿನಗಳ ಮೇಲೆ ಮಹಾನಂದಾ ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

“ಹಂಗಾರ ನೀರು ಕುಡೀರಿ. ಬಸ್ಸು ತಪ್ಪಿಸ್ಕೋಬ್ಯಾಡ್ರಿ.”

“ಅವ್ವಗ ಏನಂತ ಹೇಳ್ಲಿ?”

“ಯಾರ ಹಂಗೂ ಇಲ್ಲದ, ತಾನಾಗೇ ಹೂಂ ಅಂದ್ಳು ಅಂತ ಹೇಳ್ರಿ.”